ಅಳುಮೋರೆಯ ಗಣಕಯಂತ್ರ

ಏಪ್ರಿಲ್ ೭, ಸೋಮವಾರ, ಯಲಬುರ್ಗಾ

ನಮ್ಮ ಮನೆಯ ಗಣಕಯಂತ್ರವು ಇಂದು ಬೆಳಗಿನ ಅವಧಿಯಲ್ಲಿ ಪುನಃ ಸ್ಥಗಿತಗೊಂಡಿತು. ಸದರಿ ವೇಳೆಯಲ್ಲಿ ನಾನು ‘ಇಂದಿನ ಪೀಳಿಗೆ ಮತ್ತು ಕೈಬರಹದ ಅವನತಿ’ ಎಂಬ ವಿಷಯವಾಗಿ ಪತ್ರಿಕೆಯ ಸಂಪಾದಕರಿಗೆ ಪತ್ರ ಟೈಪ್ ಮಾಡುತ್ತಿದ್ದೆ. ಮುಕ್ಕಾಲು ಭಾಗ ಮುಗಿದಿತ್ತು. ಪರದೆ ಒಮ್ಮೆಲೇ ನೀಲಿಯಾಯಿತು. ಮೇಲೊಂದು ಅಳುಮೋರೆಯ ಚಿಹ್ನೆ, ಕೆಳಗೆ ಇಂಗ್ಲಿಷಿನಲ್ಲಿ ಏನೋ ಕ್ಷಮಾಪಣೆ. ಕಸ ಗುಡಿಸುತ್ತ ಬಂದ ನನ್ನ ಹೆಂಡತಿ ಮಾರೆವ್ವ ಅದನ್ನು ನೋಡಿ, “ಅಯ್ಯ, ಇದರ ಮಾರಿ ನೋಡ್ರಿ. ರಿಟಾಯರ್ ಆದ ದಿವಸ ನೀವೂ ಹಿಂಗ ಕುಂತಿದ್ರಿ” ಎಂದಳು. ಟಿಪ್ಪಣಿ ಅನಗತ್ಯವಾಗಿತ್ತು.

ಈ ಯಂತ್ರದ ಇನ್ನೊಂದು ದೋಷವೆಂದರೆ ವಿಳಂಬ. ಗುಂಡಿ ಒತ್ತಿ ಸ್ನಾನಕ್ಕೆ ಹೋದರೆ, ಸ್ನಾನ, ಪೂಜೆ, ಉಪ್ಪಿಟ್ಟು ಎಲ್ಲ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ರಿಪೇರಿಯವರನ್ನು ಕರೆಸುವ ಪ್ರಶ್ನೆ ಇಲ್ಲ. ನಮ್ಮ ಕಚೇರಿಗೆ ಮೊಟ್ಟಮೊದಲ ಗಣಕಯಂತ್ರ ಬಂದಾಗ ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದ ಗುಮಾಸ್ತ ನಾನೇ. ಅನುಭವ ಇದೆ.

ಇನ್ನೊಂದು ವಿಷಯ. ಮಗ ಗಾಳೇಶ ಬಸ್ ಕಂಡಕ್ಟರು, ಡ್ಯೂಟಿ ಗಂಗಾವತಿ ಕಡೆ. ವಾರದಲ್ಲಿ ಎರಡು ಮೂರು ದಿನ ಮಾತ್ರ ಮನೆಗೆ ಬರುತ್ತಾನೆ. ಅವನ ಹೆಂಡತಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ಕೊಪ್ಪಳದ ಒಂದು ಕಾಲೇಜಿಗೆ ಉಪನ್ಯಾಸಕಿಯ ಹುದ್ದೆಗೆ ಅರ್ಜಿ ಹಾಕಿದ್ದಾಳಂತೆ. ಇದೇ ೨೪ರಂದು ಸಂದರ್ಶನ. ಆಡಳಿತ ಮಂಡಳಿಯವರು ಬೇರೆ ಬೇರೆ ಊರಿನಲ್ಲಿ ಇರುವುದರಿಂದ ಎಲ್ಲ ಗಣಕಯಂತ್ರದ ಮೂಲಕವೇ. ಪರದೆಯ ಮೇಲೆ ಬರೆದು ಪಾಠ ಮಾಡಿ ತೋರಿಸಬೇಕು, ಮೊಬೈಲಿನಲ್ಲಿ ನಡೆಯುವುದಿಲ್ಲ.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ದಿನಾ ಬಸ್ಸು ಹತ್ತಿ ನೌಕರಿಗೆ ಹೋದ ಪೂರ್ವನಿದರ್ಶನ ಇಲ್ಲ. ಒಲ್ಲೆ ಎಂದರೆ ಮನೆಯಲ್ಲಿ ಮುಖಗಳು ಬಾಡುತ್ತವೆ. ಆದ್ದರಿಂದ ಷರತ್ತುಬದ್ಧ ಮಂಜೂರಾತಿ ನೀಡಿದೆ. “ಮನ್ಯಾಗಿನ ಕಂಪ್ಯೂಟರ್ ಸರಿಯಾದ್ರ ಕುಂಡ್ರುವಂತಿ. ಹೊರಗ ನೆಟ್ ಸೆಂಟರಿಗೆ ಹೋಗಿ, ನಾಕು ಮಂದಿ ನಡುವ ಕುಂತು ಪಾಠ ಹೇಳೂದು ಬ್ಯಾಡ.”

ಸೊಸೆ “ಹೂಂ ರಿ” ಎಂದು ಚಹಾದ ಕಪ್ಪು ತೆಗೆದುಕೊಂಡು ಹೋದಳು. ಯಂತ್ರ ಸರಿಯಾಗುವ ಲಕ್ಷಣ ಇಲ್ಲ. ವಿಷಯ ಮುಕ್ತಾಯ.

ಏಪ್ರಿಲ್ ೮, ಮಂಗಳವಾರ

ನಾನು ಮುಕ್ತಾಯ ಎಂದು ಬರೆದ ಕಡತವನ್ನು ಮಾರೆವ್ವ ಪುನಃ ತೆರೆದಳು. ರೊಟ್ಟಿ ಬಡಿಯುತ್ತ, ಯಾರಿಗೂ ಅಲ್ಲ ಎಂಬಂತೆ, “ಜನ್ಮೆಲ್ಲ ಆಫೀಸಿನ್ಯಾಗ ಕಂಪ್ಯೂಟರ್ ಕಂಪ್ಯೂಟರ್ ಅಂದ್ರು. ಮನ್ಯಾಗಿನ ಒಂದು ಡಬ್ಬಿ ಸುಧಾರ್ಸಾಕ ಬರವಲ್ದು” ಎಂದಳು.

ಇದು ನನ್ನ ಸೇವಾ ದಾಖಲೆಯ ಮೇಲಿನ ಆಕ್ಷೇಪಣೆ. ಉತ್ತರಿಸದೆ ಬಿಡುವಂತಿರಲಿಲ್ಲ.

ಪರಿಶೀಲಿಸಲಾಗಿ, ಮೇಜು ದಕ್ಷಿಣದ ಗೋಡೆಗೆ ಅಂಟಿಕೊಂಡಿರುವುದು ಕಂಡುಬಂತು. ದಕ್ಷಿಣಕ್ಕೆ ಮುಖ ಮಾಡಿ ಯಾವ ಕೆಲಸ ನೆಟ್ಟಗಾದೀತು? ಮೇಜನ್ನು ಪೂರ್ವದ ಕಿಟಕಿಯ ಹತ್ತಿರ ತಿರುಗಿಸಿದೆವು. ಯಂತ್ರ ಮಧ್ಯಾಹ್ನದವರೆಗೆ ಒಂದು ಸಲವೂ ಕೆಡಲಿಲ್ಲ! ವಾಸ್ತುದೋಷ ನಿವಾರಣೆಯಾಗಿದೆ. ಕಾರಣ ಕಂಡುಹಿಡಿಯಲು ಅನುಭವ ಬೇಕು ಎಂದು ಊಟಕ್ಕೆ ಕುಳಿತಾಗ ಹೇಳಿದೆ. ಸೊಸೆ ತಲೆ ಬಗ್ಗಿಸಿ ಸಾರು ಬಡಿಸಿದಳು. ನಕ್ಕಳೋ ಏನೋ, ಸೆರಗು ಅಡ್ಡವಿತ್ತು.

ಮಾರೆವ್ವನಿಗೂ ಯಂತ್ರದ ಮೇಲೆ ಮಮತೆ ಹುಟ್ಟಿದೆ. “ಕಿಡಕ್ಯಾಗಿಂದ ಧೂಳ ಬರ್ತೈತಿ ಪಾಪ” ಎಂದು ಹಳೆಯ ಸೀರೆಗಳ ಕೌದಿ ತುಂಡನ್ನು ಹೊಲಿದು ಮೇಜಿನ ಕೆಳಗಿರುವ ಯಂತ್ರದ ಡಬ್ಬಿಗೆ ಅಂಗಿಯಂತೆ ತೊಡಿಸಿದಳು. ಕೆಂಪು, ಹಸಿರು, ಹಳದಿ. ನೋಡಲು ಭವ್ಯವಾಗಿದೆ.

ಏಪ್ರಿಲ್ ೧೦, ಗುರುವಾರ

ವಾಸ್ತು ಸರಿಯಿದ್ದೂ ಯಂತ್ರ ನಿನ್ನೆಯಿಂದ ಮೊದಲಿಗಿಂತ ಹೆಚ್ಚು ಸಲ ಕೆಟ್ಟು ಬಿದ್ದಿದೆ. ಕೆಲವು ಸಲ ಅಳುಮೋರೆಯೂ ಇಲ್ಲ, ದೀಪ ಆರಿದಂತೆ ಫಕ್ಕನೆ ಕಪ್ಪು.

ಈ ಮಧ್ಯೆ ಅಂತರ್ಜಾಲದಲ್ಲಿ ‘ನಿಮ್ಮ ಗಣಕಯಂತ್ರ ಅಪಾಯದಲ್ಲಿದೆ, ಇಲ್ಲಿ ಒತ್ತಿ’ ಎಂಬ ಪ್ರಕಟಣೆ ಕಂಡಿತು. ನಮ್ಮ ಕಷ್ಟ ಅವರಿಗೆ ಹೇಗೆ ತಿಳಿಯಿತೋ! ಒತ್ತಿದೆ. ವೇಗ ಹೆಚ್ಚಿಸುವ ಒಂದು ತಂತ್ರಾಂಶ ಬಂತು. ಅದು ಇನ್ನೊಂದನ್ನು ಶಿಫಾರಸು ಮಾಡಿತು. ಆ ಇನ್ನೊಂದು, ವೈರಸ್ ಕಾವಲಿಗೆಂದು ಮತ್ತೆರಡನ್ನು. ಎಲ್ಲವನ್ನೂ ಸೇರಿಸಿಕೊಂಡಿದ್ದೇನೆ. ಕಾವಲುಗಾರರು ಹೆಚ್ಚಿದಷ್ಟೂ ಕ್ಷೇಮ.

ಏಪ್ರಿಲ್ ೧೧, ಶುಕ್ರವಾರ

ಬೆಳಿಗ್ಗೆ ಗುಂಡಿ ಒತ್ತಿದೆ. ಊಟದ ಹೊತ್ತಿಗೆ ಶುರುವಾಯಿತು. ಊಟ ಮಾಡಿ ಬರುವಷ್ಟರಲ್ಲಿ ಬಿದ್ದಿತ್ತು.

ಏಪ್ರಿಲ್ ೧೩, ಭಾನುವಾರ

ನಾನು ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದಾಗ ಸೊಸೆ ಬಾಗಿಲಲ್ಲಿ ನಿಂತು, “ಮಾವಾರ, ನಾ ಒಂದ್ಸಲ ನೋಡ್ಲಿ?” ಎಂದು ಕೇಳಿದಳು.

“ನಿನಗೇನು ತಿಳೀತೈತಿ ಇದರಾಗ?”

“ತಿಳಿಯಂಗಿಲ್ರಿ. ಅದಕ್ಕ ನೋಡ್ತೀನಿ ಅಂದೆ.”

ಈ ಮಾತಿಗೆ ಯಾವ ನಿಯಮದಡಿ ಉತ್ತರ ಕೊಡಬೇಕೋ ತೋಚಲಿಲ್ಲ. ಕುರ್ಚಿ ಬಿಟ್ಟುಕೊಟ್ಟೆ.

ಅವಳು ಯಂತ್ರವನ್ನು ಮುಟ್ಟುವ ಮೊದಲು ನನ್ನನ್ನೇ ವಿಚಾರಣೆ ಮಾಡಿದಳು. ಹಚ್ಚಿದ ಕೂಡಲೇ ಬೀಳುತ್ತದೋ, ಬಹಳ ಹೊತ್ತು ನಡೆದ ಮೇಲೋ? ನೀಲಿಯಾಗಿ ಬೀಳುತ್ತದೋ, ಕಪ್ಪಾಗಿಯೋ? ಕಡೆಗೆ, “ಎಲ್ಲಾ ಒಂದ ರೋಗ ಅಂತ ತಿಳಕೊಂಡೇವಿ ನಾವು. ನಿಧಾನ ಶುರುವಾಗೂದು ಒಂದು, ಕಪ್ಪಾಗೂದು ಒಂದು, ನೀಲಿ ಆಗೂದು ಇನ್ನೊಂದು ಇರಬೌದ್ರಿ. ಒಂದೊಂದ ಹಿಡಿಯೂಣ” ಎಂದಳು. ‘ನಾವು’ ಎಂದದ್ದನ್ನು ಗಮನಿಸಿದೆ. ತಪ್ಪೆಲ್ಲ ನನ್ನದಾಗಿತ್ತು, ಆದರೂ ‘ನಾವು’.

ಮೊಬೈಲಿನಲ್ಲಿ ಓದಿ ಓದಿ, ಯಂತ್ರ ಶುರುವಾಗುವಾಗ ತಾವೂ ಶುರುವಾಗುವ ತಂತ್ರಾಂಶಗಳನ್ನೆಲ್ಲ ಪರದೆಯ ಮೇಲೆ ತೆಗೆದಳು. ಪಟ್ಟಿ ಪರದೆ ತುಂಬಿ ಕೆಳಗಿಳಿಯಿತು.

“ಬಾಗಲಾ ತೆಗೆದ ಕೂಡ್ಲೇ ಇಷ್ಟು ಮಂದಿ ಒಳಗ ನುಗ್ಗತಾರ್ರಿ. ಪಾಪ, ಅದು ಯಾರಿಗಂತ ಕುರ್ಚಿ ಹಾಕಬೇಕು?”

ಸಂತೆಯ ದಿನ ಕಚೇರಿ ತೆರೆದಂತೆ ಎಂದು ನನಗೆ ತಕ್ಷಣ ಅರ್ಥವಾಯಿತು. ನಾನು ನೇಮಿಸಿಕೊಂಡ ಕಾವಲುಗಾರರು ಕಳ್ಳರನ್ನು ಬಿಟ್ಟು ಒಬ್ಬರನ್ನೊಬ್ಬರು ತಪಾಸಣೆ ಮಾಡುತ್ತ ನಿಂತಿದ್ದರಂತೆ. ಅವರನ್ನೆಲ್ಲ ವಜಾ ಮಾಡಿದೆವು. ಗಾಳೇಶ ಕಾಲೇಜಿನಲ್ಲಿದ್ದಾಗ ಹಾಕಿದ್ದ ಆಟಗಳಿಗೂ ಬೆಳಗಿನ ಹಾಜರಾತಿ ಬೇಡವೆಂದು ಆದೇಶವಾಯಿತು. ಪುನಃ ಗುಂಡಿ ಒತ್ತಿ ನಾನು ಎಂದಿನಂತೆ ಸ್ನಾನಕ್ಕೆ ಹೋದೆ. ತಲೆಗೆ ನೀರು ಹಾಕಿಕೊಳ್ಳುವಷ್ಟರಲ್ಲಿ ಹೊರಗಿನಿಂದ, “ಶುರುವಾತ್ರಿ ಮಾವಾರ!” ಎಂಬ ಕೂಗು.

ಸಾಬೂನು ಕಣ್ಣಿಗೆ ಹೋಯಿತು.

ಏಪ್ರಿಲ್ ೧೫, ಮಂಗಳವಾರ

ಒಂದು ಸೂಕ್ಷ್ಮ ಪ್ರಕರಣ.

ಯಂತ್ರ ಕಪ್ಪಾಗಿ ಬಿದ್ದ ಕೂಡಲೇ ಸೊಸೆ ಕೌದಿಯ ಅಂಗಿಯ ಒಳಗೆ ಕೈ ಹಾಕಿದಳು. “ಅಯ್ಯ, ಹೆಂಚಿನಂಗ ಕಾದೈತ್ರಿ. ಮುಟ್ರಿ.” ಮುಟ್ಟಿದೆ. ಈ ಬಿಸಿಲಿನಲ್ಲಿ ಕೌದಿ ಹೊದ್ದು ಮಲಗಿದರೆ ಮನುಷ್ಯನಾದರೂ ಎಚ್ಚರ ತಪ್ಪುತ್ತಾನೆ. ಮೇಜು ಗೋಡೆ ಬಿಟ್ಟು ಕಿಟಕಿಗೆ ಬಂದ ದಿನ ಅದು ಚೆನ್ನಾಗಿ ನಡೆದದ್ದು ಗಾಳಿಯಿಂದ. ಪೂರ್ವ ದಿಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಸೊಸೆ ಹೇಳಲಿಲ್ಲ. ನಾನೇ ಅಂದುಕೊಂಡೆ.

ಆದರೆ ಮಾರೆವ್ವನಿಗೆ ಹೇಳುವವರು ಯಾರು?

“ನೀವ ಹೇಳ್ರಿ ಮಾವಾರ, ನಿಮ್ಮ ಮಾತು ಕೇಳ್ತಾರ.”

“ಯಾವಾಗ ಕೇಳ್ಯಾಳ? ನೀನ ಹೇಳು.”

“ನಾ ಸೊಸಿ ರಿ. ಕೌದಿ ತೆಗಿ ಅಂದ್ರ ಅದರ ಅರ್ಥನ ಬ್ಯಾರೆ ಆಗ್ತೈತಿ.”

ಅವಳ ವಾದ ಸರಿಯಿತ್ತು. ಇಬ್ಬರೂ ಸೇರಿ ಅಂಗಿಯನ್ನು ಮೆಲ್ಲಗೆ ಬಿಚ್ಚುತ್ತಿದ್ದಾಗ ಮಾರೆವ್ವ ಹಿಂದೆಯೇ ನಿಂತಿದ್ದಳು. “ನಾಟಕದಾಗಿನ ಕಳ್ಳರಂಗ ಯಾಕ ಕುಂತೀರಿ? ಬ್ಯಾಸಗಿ ಐತಿ, ಅದಕ್ಕೂ ಶೆಕೆ ಆಗ್ತೈತಿ ಅಂದ್ರ ನಾನ ತೆಗೀತಿದ್ನೆಲ್ಲ” ಎಂದು ಅಂಗಿಯನ್ನು ಕಿತ್ತುಕೊಂಡು ಹೋದಳು. ಈಗ ಅದು ರೊಟ್ಟಿ ಬುಟ್ಟಿಗೆ ತೊಡಿಸಲ್ಪಟ್ಟಿದೆ. ರೊಟ್ಟಿ ಬಿಸಿಯಾಗಿಯೇ ಇರುತ್ತದೆ.

ಏಪ್ರಿಲ್ ೧೭, ಗುರುವಾರ

ಇಂದು ಡಬ್ಬಿ ಬಿಚ್ಚಿದೆವು. ವಯರು ಕಿತ್ತಿಟ್ಟು, ಅಂಗಳದಲ್ಲಿ ಚಾಪೆ ಹಾಸಿ, ಸ್ಕ್ರೂಗಳನ್ನು ನಾನು ಕುಂಕುಮದ ಭರಣಿಯ ಮುಚ್ಚಳದಲ್ಲಿ ಜೋಪಾನ ಮಾಡಿದೆ. ಒಳಗೆ ಎರೆಹೊಲದ ಮಣ್ಣೆಲ್ಲ ಬಂದು ಕುಳಿತಿತ್ತು. ಒಂದು ಹಿಡಿ ಜೋಳ ಬಿತ್ತಿದರೆ ಬೆಳೆಯಬಹುದಿತ್ತು. ನಡುವೆ ಸಣ್ಣದೊಂದು ಫ್ಯಾನು. ಅದರ ರೆಕ್ಕೆಗಳಿಗೆ ಧೂಳು ಉಣ್ಣೆಯಂತೆ ಹತ್ತಿತ್ತು.

“ಮೆತ್ತನ್ನ ಬ್ರಶ್ ಬೇಕಿತ್ರಿ” ಎಂದಳು ಸೊಸೆ ರೂಪಾ.

ಮನೆಯಲ್ಲಿ ಮೆತ್ತನೆಯ ಬ್ರಶ್ಶು ಒಂದೇ. ನಾನು ದಾಡಿಗೆ ಬಳಸುವುದು. ಒಂದು ಕ್ಷಣ ಯೋಚಿಸಿದೆ. ಆಮೇಲೆ ತಂದುಕೊಟ್ಟೆ. ಸೈಕಲ್ ಪಂಪಿನಿಂದ ನಾನು ಗಾಳಿ ಹಾಕಿದೆ, ಅವಳು ಫ್ಯಾನು ತಿರುಗದಂತೆ ಬೆರಳಿಟ್ಟು ಬ್ರಶ್ಶಿನಿಂದ ಒರೆಸಿದಳು. ಇಬ್ಬರ ಹುಬ್ಬು ಮೀಸೆಗಳೂ ಬೂದಿ ಬಣ್ಣ. ಅವಳಿಗೆ ಮೀಸೆ ಇಲ್ಲ, ಆದರೂ ಇದ್ದಂತೆ ಕಂಡಿತು. ಹಾಗೆಂದು ಹೇಳಿದೆ. ಮದುವೆಯಾಗಿ ಬಂದ ಮೇಲೆ ಅವಳು ನನ್ನೆದುರು ಬಾಯಿತುಂಬ ನಕ್ಕದ್ದು ಇದೇ ಮೊದಲು ಎಂದು ತೋರುತ್ತದೆ.

ಅವಳ ಕೈ ಹೊಲಸಾಗಿದ್ದರಿಂದ ಚಹಾ ನಾನೇ ಮಾಡಿದೆ. ಸಕ್ಕರೆ ಡಬ್ಬಿ ಮೇಲಿನ ಹಲಗೆಯಲ್ಲಿ ಎಡಕ್ಕೆ ಇರುತ್ತದೆ.

ಸಂಜೆಯತನಕ ಯಂತ್ರ ಕಪ್ಪಾಗಲಿಲ್ಲ. ನೀಲಿ ಮಾತ್ರ ಒಂದು ಸಲ ಆಯಿತು.

ಏಪ್ರಿಲ್ ೧೯, ಶನಿವಾರ

ನೀಲಿಯ ಕಾರಣವೂ ಸಿಕ್ಕಿತು.

ಒಳಗೆ ಬಾಚಣಿಕೆಯಂತಹ ಎರಡು ಪಟ್ಟಿಗಳಿವೆ. ಯಂತ್ರದ ನೆನಪು ಇರುವುದು ಅವುಗಳಲ್ಲಂತೆ. ರೂಪಾ ಅವನ್ನು ಕಿತ್ತು, ಅವುಗಳ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದಳು. “ಎಲ್ಲಾ ರಿಪೇರಿ ಅಂಗಡ್ಯಾಗೂ ಹಿಂಗ ಮಾಡ್ತಾರಂತ್ರಿ.” ಎರಡನ್ನೂ ಹಾಕಿದಾಗ ಮತ್ತೆ ಅಳುಮೋರೆ. ಒಂದನ್ನು ತೆಗೆದು ನಡೆಸಿದಳು, ಅಳುಮೋರೆ. ಅದನ್ನು ಹಾಕಿ ಇನ್ನೊಂದನ್ನು ತೆಗೆದಳು. ಯಂತ್ರ ನಡೆಯಿತು. ಇಡೀ ದಿನ ನಡೆಯಿತು. ನನ್ನ ಕೈಬರಹದ ಪತ್ರ ಟೈಪಾಗಿ ಮುಗಿಯಿತು.

“ಎರಡರಾಗ ಒಂದು ಕೆಟ್ಟಿತ್ರಿ. ಸದ್ಯಕ್ಕ ಒಂದರ ಮ್ಯಾಲ ನಡೀತೈತಿ.”

ನಾನು ಸಂತೋಷದಿಂದ ಅವಳ ಬೆನ್ನು ತಟ್ಟುವುದರಲ್ಲಿದ್ದೆ. ಆಗ ನೆನಪಾಯಿತು. ಯಂತ್ರ ಸರಿಯಾದರೆ ಸಂದರ್ಶನ.

ಊಟಕ್ಕೆ ಕುಳಿತಾಗ ಹೇಳಿದೆ: “ಸರಿಯಾತು ಅಂತ ಈಗ ಹೇಳಾಕ ಬರಂಗಿಲ್ಲ. ಒಂದು ತಿಂಗಳು ನಿಗಾದಾಗ ಇಟ್ಟು ನೋಡಬೇಕು. ಅಲ್ಲೀತನಕ ಅದನ್ನ ದುರಸ್ತಿ ಆತು ಅನ್ನಂಗಿಲ್ಲ.”

ರೂಪಾ ಅರ್ಧ ರೊಟ್ಟಿ ಹಾಗೇ ಬಿಟ್ಟು ತಾಟು ಎತ್ತಿಕೊಂಡು ಎದ್ದಳು. ಮಾರೆವ್ವ ಅವಳು ಒಳಗೆ ಹೋಗುವವರೆಗೆ ಕಾದು, “ಕಂಪ್ಯೂಟರ್ ಛಲೋ ಆತು. ಈಗ ನಿಮ್ಮ ಮಾತು ಕೆಟ್ಟೈತಿ. ಅದಕ್ಕ ಯಾವ ರಬ್ಬರ್ ಹಚ್ಚೂಣ?” ಎಂದಳು.

ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು. ಅಥವಾ ಕಡಿಮೆ.

ಏಪ್ರಿಲ್ ೨೦, ಭಾನುವಾರ

ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಹೋಗಿ, “ಇಪ್ಪತ್ನಾಕಕ್ಕ ಎಷ್ಟೊತ್ತಿಗೆ?” ಎಂದು ಕೇಳಿದೆ.

ರೂಪಾ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. “ಹನ್ನೊಂದಕ್ರಿ.”

“ಆತು” ಎಂದೆ.

ಅವಳು ಕಣ್ಣೊರೆಸಿಕೊಂಡಳು. ಈರುಳ್ಳಿ ಈ ಸಲ ಖಾರ ಇವೆ.

ಏಪ್ರಿಲ್ ೨೨, ಮಂಗಳವಾರ

ಪಾಠದ ಅಭ್ಯಾಸ ನಡೆದಿದೆ. ವಿದ್ಯಾರ್ಥಿ ಬೇಕೆಂದಳು. ನಾನು ಕುಳಿತೆ. ವಿಷಯ ಸಂಭವನೀಯತೆ. ನಾಣ್ಯ ಚಿಮ್ಮಿದರೆ ಸಿಂಹದ ಮುಖ ಬೀಳುವುದೋ ಅಂಕಿಯ ಮುಖ ಬೀಳುವುದೋ ಎಂಬ ಲೆಕ್ಕ. ಇದರಲ್ಲಿ ಕಲಿಯುವುದೇನು ಎಂದು ಮೊದಲು ಆಕಳಿಸಿದೆ. ಆಮೇಲೆ ಒಂದು ಸಂದೇಹ ಬಂತು.

“ಒಂದು ತಕರಾರು. ಹತ್ತು ಸಲನೂ ಸಿಂಹನ ಬಿತ್ತು ಅಂತ ತಿಳಿ. ಹನ್ನೊಂದನೇದಕ್ಕ ಅಂಕಿ ಬೀಳಾಕಬೇಕಲ್ಲ? ಅದರ ಪಾಳಿ ಬಂತಲ್ಲ?”

ಅವಳು ಖುಷಿಯಿಂದ ಎದ್ದೇ ನಿಂತಳು. “ಇದ ಬೇಕಿತ್ರಿ ನನಗ! ಎಲ್ಲಾರೂ ಇಲ್ಲೇ ಎಡವ್ತಾರ. ನಾಣ್ಯಕ್ಕ ಪಾಳಿ ಗೊತ್ತಿಲ್ರಿ ಮಾವಾರ. ಹಿಂದ ಏನ್ ಬಿದ್ದಿತ್ತು ಅಂತ ಅದಕ್ಕ ನೆನಪ ಇರೂದಿಲ್ಲ. ಪ್ರತಿ ಸಲನೂ ಅದು ಹೊಸಾ ನಾಣ್ಯ.”

ಹೊರಗೆ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ನಾಣ್ಯ ಚಿಮ್ಮಿದೆ. ಅವಳು ಹೇಳಿದ್ದು ಸರಿ ಇದ್ದಂತಿದೆ. ನಾಳೆಯ ಪಾಠಕ್ಕೆ ಬೇಗ ಬರಬೇಕೆಂದು ಹೇಳಿದ್ದಾಳೆ.

ಏಪ್ರಿಲ್ ೨೩, ಬುಧವಾರ

ಕಂಪ್ಯೂಟರಿನ ಒಳಗಿನ ಫ್ಯಾನು ಬೆಳಿಗ್ಗೆಯಿಂದ ಎತ್ತಿನ ಗಾಡಿಯಂತೆ ಕಿರುಗುಟ್ಟಿ ಮಧ್ಯಾಹ್ನ ನಿಂತೇ ಹೋಯಿತು. ನಾವು ಒರೆಸಿದ್ದಕ್ಕೆ ಸೇಡೋ ಏನೋ. ಫ್ಯಾನಿಲ್ಲದೆ ಸ್ವಲ್ಪ ಹೊತ್ತಿಗೇ ಕಾದು ಕಪ್ಪಾಗುತ್ತದೆ.

ಸಂದರ್ಶನ ನಾಳೆ. ರೂಪಾ ಗೋಡೆಗೆ ಒರಗಿ ಕುಳಿತುಬಿಟ್ಟಳು. “ಹೋಗ್ಲಿ ಬಿಡ್ರಿ ಮಾವಾರ. ನನ್ನ ಹಣೇಬರದಾಗ ಇಲ್ಲ.”

ನನಗೆ ಸಿಟ್ಟು ಬಂತು. “ಹಣೇಬರ ಅಂತ ಸಂಭವನೀಯತೆಯಾಗ ಎಲ್ಲಿ ಬರ್ತೈತಿ? ಯಾವ ಪಾಠದಾಗ ಹೇಳೀದಿ?” ಎಂದು ಗದರಿಸಿದೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಓಣಿಯಲ್ಲಿ ಗಾಳೇಶನ ಗೆಳೆಯ ಶಬ್ಬೀರನ ಕಂಪ್ಯೂಟರ್ ಅಂಗಡಿ ಇದೆ. ಇಷ್ಟು ದಿನ ಅವನಿಗೆ ಫೋನ್ ಮಾಡಿರಲಿಲ್ಲ, ನಗುತ್ತಾನೆಂದು. ಇಂದು ಮಾಡಿದೆ. ಅವನು ನಕ್ಕನು. ನಗಲಿ.

“ಚಾಚಾ, ಆ ಫ್ಯಾನ್ ನನ್ನ ಕಡೆ ಐತ್ರಿ. ನಾಳೆ ಫಸ್ಟ್ ಗಾಡಿಗೆ ಗಾಳೇಶ್ ಬರ್ತಾನಲ್ಲ, ಅವನ ಕೈಯಾಗ ಕಳಸ್ತೀನಿ. ಒಂಬತ್ತಕ್ಕೆಲ್ಲ ನಿಮ್ಮ ಮನ್ಯಾಗ ಇರ್ತೈತಿ. ಫಿಕರ್ ಮಾಡಬ್ಯಾಡ್ರಿ.”

ಏಪ್ರಿಲ್ ೨೪, ಗುರುವಾರ

ಅಕ್ಷರ ಸೊಟ್ಟ ಬಂದರೂ ಇಂದಿನದನ್ನು ಬರೆಯಲೇಬೇಕು.

ಒಂಬತ್ತಾಯಿತು, ಗಾಳೇಶ ಇಲ್ಲ. ಕುಕನೂರಿನ ಹತ್ತಿರ ಬಸ್ಸು ಪಂಕ್ಚರ್ ಆಗಿದೆ ಎಂದು ಫೋನು ಬಂತು. ರೂಪಾ ಧೈರ್ಯ ಬಿಡಲಿಲ್ಲ. ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಬಾಯಿಗೇ ಹಿಡಿಸಿದೆವು. ಯಂತ್ರ ತಣ್ಣಗೆ ಇತ್ತು. ಹಸಿರು ಸೀರೆ ಉಟ್ಟು, ಮಾರೆವ್ವನ ಕೈಯಿಂದ ಮೊಸರು ಸಕ್ಕರೆ ತಿಂದು ಅವಳು ಪರದೆಯ ಮುಂದೆ ಕುಳಿತಳು. ಪರದೆಯಲ್ಲಿ ಮೂವರು ಮುಖ ತೋರಿಸಿದರು. ಇಬ್ಬರು ಗಂಡಸರು, ಕನ್ನಡಕದ ಒಬ್ಬ ಹೆಣ್ಣುಮಗಳು. ನಮಸ್ಕಾರಗಳು ಮುಗಿದವು. ಕರೆಂಟು ಹೋಯಿತು.

ನಮ್ಮ ಇನ್ವರ್ಟರ್ ಮುದಿಯಾಗಿದೆ. ಕಂಪ್ಯೂಟರ್ ಮತ್ತು ವೈಫೈ ಡಬ್ಬಿ ಇವೆರಡನ್ನು ಹೊತ್ತರೆ ಅದರ ಶಕ್ತಿ ಮುಗಿಯಿತು. ಟೇಬಲ್ ಫ್ಯಾನು ನಿಂತಿತು. ರೂಪಾ ಪರದೆಯತ್ತ ನಗುತ್ತಲೇ ಇದ್ದಳು. ಮೇಜಿನ ಕೆಳಗೆ ಅವಳ ಎಡಗೈ ಸೆರಗನ್ನು ಹಿಂಡುತ್ತಿತ್ತು.

ನಾನು ಅಡುಗೆಮನೆಗೆ ಓಡಿ ಕೈಗೆ ಸಿಕ್ಕ ಮೊರ ತಂದೆ. ಗೋಡೆಯ ಪಕ್ಕದಿಂದ ತೆವಳಿ, ಪರದೆಯವರಿಗೆ ಕಾಣದಂತೆ ಮೇಜಿನ ಕೆಳಗೆ ಸೇರಿ, ಕಂಪ್ಯೂಟರಿನ ಬಾಯಿಗೆ ಬೀಸತೊಡಗಿದೆ.

ಮೊದಲು ಹೊಟ್ಟು ಹಾರಿತು. ಕೇರಿದ ಮೊರವನ್ನು ಮಾರೆವ್ವ ಝಾಡಿಸಿಟ್ಟಿರಲಿಲ್ಲ. ಸೀನು ಬಂತು. ಮೂಗು ಹಿಡಿದುಕೊಂಡೆ. ಒಂದು ಕೈಯಲ್ಲಿ ಮೂಗು, ಒಂದು ಕೈಯಲ್ಲಿ ಮೊರ. ಬಾಗಿಲಲ್ಲಿ ಮಾರೆವ್ವ ನಿಂತು ಸನ್ನೆಯಲ್ಲೇ ‘ಜೋರು, ಜೋರು’ ಎನ್ನುತ್ತಿದ್ದಳು. ಮೇಲೆ ಪರದೆಯಲ್ಲಿ ಒಬ್ಬರು, “ಅದೇನ್ ಸೌಂಡು ಮೇಡಂ?” ಎಂದರು.

“ಫ್ಯಾನ್ ಸರ್” ಎಂದಳು ರೂಪಾ. ಸುಳ್ಳೇನೂ ಅಲ್ಲ.

ಪಾಠ ಶುರುವಾಯಿತು. ನಾನು ನೂರು ಸಲ ಕೇಳಿದ ಪಾಠ. ಆದರೂ ಮೇಜಿನ ಕೆಳಗಿನಿಂದ ಕೇಳಿದರೆ ಬೇರೆಯೇ ಇತ್ತು. ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಎರಡೂ. ಆ ಹೊತ್ತಿಗೆ ಕನ್ನಡಕದ ಹೆಣ್ಣುಮಗಳು ವಿದ್ಯಾರ್ಥಿಯಂತೆ ಕೇಳಿದರು: “ಮೇಡಂ, ಹತ್ತು ಸಲವೂ ಒಂದೇ ಮುಖ ಬಿದ್ದಿದ್ದರೆ ಹನ್ನೊಂದನೇ ಸಲ ಇನ್ನೊಂದು ಮುಖ ಬೀಳಲೇಬೇಕಲ್ವಾ?”

ಹೇಗಾಯಿತೋ ಗೊತ್ತಿಲ್ಲ.

“ನಾಣ್ಯಕ್ಕ ನೆನಪಿರೂದಿಲ್ರಿ!” ಎಂದು ನಾನೇ ಕೂಗಿಬಿಟ್ಟೆ. ಕೂಗುವಾಗ ತಲೆ ಎತ್ತಿದೆ. ಮೇಜಿಗೆ ಬಡಿದ ಸದ್ದು ಹುಬ್ಬಳ್ಳಿ, ಧಾರವಾಡದವರೆಗೂ ಕೇಳಿಸಿರಬೇಕು.

ಮೇಲೆ ಪಾಠ ನಿಂತಿತು. ಮೊರ ಮಾತ್ರ ನಿಲ್ಲಿಸಲಿಲ್ಲ.

“ಯಾರದು?” ಎಂದು ಗಂಡಸರ ದನಿ.

ಎಲ್ಲ ಕೆಡಿಸಿದೆನಲ್ಲ ಎನ್ನಿಸಿತು. ಆಗ ರೂಪಾ, ಒಂದಿಷ್ಟೂ ತಡವರಿಸದೆ, “ನನ್ನ ವಿದ್ಯಾರ್ಥಿ ಸರ್. ಉತ್ತರ ಗೊತ್ತಿದ್ರ ತಡಕೊಳ್ಳಾಕ ಆಗಂಗಿಲ್ಲ ಅವರಿಗೆ” ಎಂದಳು. ಆಮೇಲೆ ಕ್ಯಾಮೆರಾ ಕೆಳಗೆ ತಿರುಗಿಸಿದಳು.

ಮೂವರೂ ನನ್ನನ್ನು ನೋಡಿದರು. ನಾನು ಮೇಜಿನ ಕೆಳಗಿನಿಂದ ಕತ್ತು ಹೊರಚಾಚಿ ಅವರನ್ನು ನೋಡಿದೆ. ಬೀಸುತ್ತಲೇ ಇದ್ದುದರಿಂದ ಕೈ ಮುಗಿಯಲಾಗಲಿಲ್ಲ. ರೂಪಾ ಇದ್ದದ್ದು ಇದ್ದ ಹಾಗೆ ಹೇಳಿದಳು. ಕರೆಂಟು ಹೋದದ್ದು, ಫ್ಯಾನು ಕೆಟ್ಟದ್ದು, ಯಂತ್ರ ಕಾದರೆ ಏನಾಗುವುದು ಎಲ್ಲ. “ಅವರು ನಮ್ಮ ಮಾವ ಸರ್” ಎಂದಳು. ಕನ್ನಡಕದವರು ನಗುತ್ತಿದ್ದರೋ ಕಣ್ಣೊರೆಸುತ್ತಿದ್ದರೋ ನನಗೆ ತಲೆಕೆಳಗಾಗಿ ಕಂಡಿತು.

ಸಂದರ್ಶನ ಮುಗಿದು ಕಂಪ್ಯೂಟರ್ ಆರಿಸಿದ ಕೂಡಲೇ ಕರೆಂಟು ಬಂತು. ಅದರ ಹಿಂದೆಯೇ ಗಾಳೇಶ, ಕೈಯಲ್ಲಿ ಹೊಸ ಫ್ಯಾನು. ನಾನು ಮೇಜಿನ ಕೆಳಗೆ ಅಂಗಾತ ಬಿದ್ದಿದ್ದೆ. “ಯಪ್ಪಾ, ಅಲ್ಲಿ ಯಾಕ ಮಲಗೀದಿ?” ಎಂದು ಕೇಳಿದ. ಪಕ್ಕದಲ್ಲಿ ಬಿದ್ದಿದ್ದ ಮೊರದ ಕಡೆ ಕಣ್ಣು ಹಾಯಿಸಿದೆ.

ಏಪ್ರಿಲ್ ೨೫, ಶುಕ್ರವಾರ

ತೋಳು ಮೇಲೆತ್ತಲು ಬರುವುದಿಲ್ಲ. ರೂಪಾ ಎಣ್ಣೆ ಕಾಯಿಸಿ ಕೊಟ್ಟಿದ್ದಾಳೆ. ಇಷ್ಟೇ ಬರೆಯಬಲ್ಲೆ.

ಮೇ ೨, ಶುಕ್ರವಾರ

ಫೋನು ಬಂದಾಗ ರೂಪಾ ನಲ್ಲಿಯ ಹತ್ತಿರ ಇದ್ದಳು. ಒದ್ದೆ ಕೈಯಲ್ಲೇ ತೆಗೆದಳು. ಹೂಂ ರಿ, ಹೂಂ ರಿ ಎಂದಷ್ಟೇ ಹೇಳುತ್ತಿದ್ದಳು. ಮುಖದಿಂದ ಏನೂ ತಿಳಿಯದು. ಕಡೆಗೆ ಫೋನನ್ನು ನನ್ನ ಕಡೆ ಚಾಚಿ, “ನಿಮ್ಮ ಜೋಡಿ ಮಾತಾಡ್ತಾರಂತ್ರಿ” ಎಂದಳು.

ಕನ್ನಡಕದವರ ದನಿ. “ನಿಮ್ಮ ಸೊಸೆ ಆಯ್ಕೆ ಆಗಿದ್ದಾರೆ. ನಿಮ್ಮ ತಲೆಗೆ ಪೆಟ್ಟಾಗಿತ್ತಲ್ಲ, ಹೇಗಿದ್ದೀರಿ ಅಂತ ಕೇಳೋಣ ಅನ್ನಿಸ್ತು.”

ತಲೆ ಛಲೋ ಐತ್ರಿ ಎಂದೆ. ಮೊದಲಿಗಿಂತಲೂ ಛಲೋ ಎಂದು ಮಾರೆವ್ವ ಹಿಂದಿನಿಂದ ಸೇರಿಸಿದಳು. ಫೋನಿನವರಿಗೂ ಕೇಳಿಸಿತು.

ಜೂನ್ ೨, ಸೋಮವಾರ

ರೂಪಾಳ ಮೊದಲ ದಿನ. ಬೆಳಗಿನ ಕೊಪ್ಪಳದ ಬಸ್ಸಿಗೆ ಹತ್ತಿಸಿ ಬರಲು ನಾನೇ ಹೋದೆ. ಬುತ್ತಿಯೂ ಪುಸ್ತಕಗಳೂ ಇದ್ದ ಚೀಲ ನನ್ನ ಹೆಗಲಿಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಯಂಕೇಶ ಸಿಕ್ಕ. ಕಚೇರಿಯಲ್ಲಿ ನನ್ನ ಎದುರು ಮೇಜಿನಲ್ಲಿ ಕೆಲಸ ಮಾಡಿದವನು, ಮನೆತನದ ರೀತಿನೀತಿ ಕುರಿತು ಒಂದು ಕಾಲದಲ್ಲಿ ನನ್ನ ಹಾಗೆಯೇ ಮಾತಾಡುತ್ತಿದ್ದವನು.

“ಏನ್ರಿ ಹೇಮಪ್ಪನವರ, ಸೊಸೀನ ನೌಕರಿಗೆ ಕಳಸಾಕತ್ತೀರಂತ?”

“ನಾ ಎಲ್ಲಿ ಕಳಸೀನೋ? ಆಕಿ ಹೊಂಟಾಳ. ನಾ ಚೀಲ ಹಿಡ್ಕೊಂಡು ಬಂದೀನಿ, ಅಷ್ಟ.”

ಅವನಿಗೆ ಸಂಭವನೀಯತೆಯ ಬಗ್ಗೆಯೂ ನಾಲ್ಕು ಮಾತು ತಿಳಿಸಿ ಹೇಳುತ್ತಿದ್ದೆ. ತಿರುಗಿ ನೋಡಿದರೆ ಬಸ್ಸು ಹೊರಟಿದೆ, ರೂಪಾ ಒಳಗೆ, ಚೀಲ ನನ್ನ ಹೆಗಲಲ್ಲಿ! ಧೋತರ ಎತ್ತಿ ಕಟ್ಟಿ ಓಡಿದೆ. ಕಿಟಕಿಯಿಂದ ರೂಪಾ, “ಮಾವಾರ, ಓಡಬ್ಯಾಡ್ರಿ, ಬೀಳ್ತೀರಿ!” ಎಂದು ಕೂಗುತ್ತಿದ್ದಳು. ಬಸ್ಸಿನವರೆಲ್ಲ “ನಿಲ್ಲಸ್ರಿ, ನಿಲ್ಲಸ್ರಿ” ಎಂದರು. ತಿರುವಿನಲ್ಲಿ ನಿಲ್ಲಿಸಿದರು. ಚೀಲ ಕೊಟ್ಟೆ. ಏನೋ ಹೇಳಬೇಕೆಂದಿದ್ದೆ, ಉಸಿರು ಸಿಗಲಿಲ್ಲ. ಅವಳೂ ಏನೋ ಹೇಳಬೇಕೆಂದಿದ್ದಳು, ಬಸ್ಸು ಬಿಟ್ಟಿತು.

ನಾನು ಮನೆ ತಲುಪುವ ಮೊದಲೇ ಸುದ್ದಿ ಮಾರೆವ್ವನನ್ನು ತಲುಪಿತ್ತು. ಮೊಣಕಾಲಿಗೆ ಉಪ್ಪಿನ ಕಾವು ಕೊಟ್ಟಳು, ನಗುತ್ತ ನಗುತ್ತ.

ಸಂಜೆ ಐದೂವರೆಯ ಬಸ್ಸಿಗೆ ಬರುತ್ತೇನೆಂದು ಹೇಳಿದ್ದಾಳೆ. ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿ. ಈಗ ನಾಲ್ಕು ಹೊಡೆದಿದೆ. ಮೊಣಕಾಲು ನೋವಿದೆ, ನಿಧಾನ ನಡೆಯಬೇಕಾಗುತ್ತದೆ. ಹೊರಡುವುದೇ ಒಳ್ಳೆಯದು.